ಲೇಸರ್ ಕಂಡ ಕಣ್ಣಿಗೆ ಪೊರೆ ಬಂದಾಗ

ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಎರಡು ಕೆಲಸಗಳಿವೆ. ಮಬ್ಬಾದ ಸಹಜ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವುದು ಒಂದು, ಖಾಲಿಯಾದ ಅದರ ಚೀಲದೊಳಗೆ ಕೃತಕ ಲೆನ್ಸ್ ಕೂರಿಸುವುದು ಇನ್ನೊಂದು. ತೆಗೆಯುವುದು ಕೈಚಳಕ, ಕೂರಿಸುವುದು ಬಹುಪಾಲು ಲೆಕ್ಕ. ಎಷ್ಟು ಪವರಿನ ಲೆನ್ಸ್ ಬೇಕೆಂಬುದು ರೋಗಿ ಥಿಯೇಟರಿನೊಳಗೆ ಕಾಲಿಡುವ ಮುಂಚೆಯೇ ಕಣ್ಣಿನ ಅಳತೆ ತೆಗೆಯುವ ಬಯೋಮೆಟ್ರಿ ಯಂತ್ರ ಮುದ್ರಿಸಿಕೊಟ್ಟ ಹಾಳೆಯ ಮೇಲೆ ತೀರ್ಮಾನವಾಗಿರುತ್ತದೆ. ಹಾಳೆ ತಪ್ಪಿದರೆ ಎಷ್ಟೇ ನುರಿತ ಕೈಯಾದರೂ ಅದನ್ನು ಸರಿಪಡಿಸಲಾರದು. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಲೇಸರ್ ಮಾಡಿಸಿಕೊಂಡು ಕನ್ನಡಕ ಕಳಚಿಟ್ಟವರು ಈಗ ಒಬ್ಬೊಬ್ಬರಾಗಿ ಪೊರೆಯ ವಯಸ್ಸಿಗೆ ಬರುತ್ತಿದ್ದಾರೆ. ಹಾಳೆ ಎಲ್ಲರಿಗಿಂತ ಹೆಚ್ಚು ತಪ್ಪುವುದು ಇವರ ಪಾಲಿಗೆ. ಆಪರೇಷನ್ ಸಲೀಸಾಗಿ ಮುಗಿದಿರುತ್ತದೆ, ಪಟ್ಟಿ ಬಿಚ್ಚಿದಾಗ ಬೆಳಕು ಸ್ವಚ್ಛವಾಗಿರುತ್ತದೆ, ಆದರೆ ದೂರದ ಬೋರ್ಡೂ ಸ್ಪಷ್ಟವಿಲ್ಲ, ಹತ್ತಿರದ ಅಕ್ಷರವೂ ಸ್ಪಷ್ಟವಿಲ್ಲ. ಲೇಸರಿನಿಂದಲೇ ಕಣ್ಣು ಕೆಟ್ಟಿತೆಂದು ಮನೆಯವರು, ಆಪರೇಷನ್ನೇ ಸರಿಯಾಗಲಿಲ್ಲವೆಂದು ರೋಗಿ ಅಂದುಕೊಳ್ಳುತ್ತಾರೆ. ಎರಡು ಮಾತಿಗೂ ಆಧಾರ ಕಡಿಮೆ. ಇಂಥ ಕಣ್ಣುಗಳಲ್ಲಿ ಪೊರೆ ತೆಗೆಯುವುದು ಬೇರೆಯವರಲ್ಲಿ ತೆಗೆಯುವಷ್ಟೇ ಸುರಕ್ಷಿತ. ಸರಿಯಾದ ಕನ್ನಡಕ ಕೊಟ್ಟು ಪರೀಕ್ಷಿಸಿದರೆ ಹೆಚ್ಚಿನವರು ಚಾರ್ಟಿನ ಕೆಳಗಿನ ಸಾಲುಗಳನ್ನೂ ಓದುತ್ತಾರೆ. ಅಲ್ಲಿ ಸುಳ್ಳಾಗಿರುವುದು ಅಳೆಯುವ ಯಂತ್ರ ಮತ್ತು ಸೂತ್ರಗಳು ಕಣ್ಣಿನ ಬಗ್ಗೆ ಇಟ್ಟುಕೊಂಡಿದ್ದ ಒಂದೆರಡು ನಂಬಿಕೆಗಳು ಎಂಬುದು ನನ್ನ ವಾದ. ಇದನ್ನು ಒಪ್ಪಿದರೆ ಮುಂದೇನು ಮಾಡಬೇಕೆಂಬುದೂ ಬೇರೆಯಾಗುತ್ತದೆ.

ಲೆಕ್ಕ ತಪ್ಪುವುದು ಈ ಶಸ್ತ್ರಚಿಕಿತ್ಸೆಗೆ ಹುಟ್ಟಿನಿಂದಲೇ ಅಂಟಿಕೊಂಡ ಪೀಡೆ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊತ್ತಮೊದಲ ಕೃತಕ ಲೆನ್ಸ್ ಅಳವಡಿಸಿದಾಗ ಆತ ಮನುಷ್ಯರ ಮಸೂರದ ಆಕಾರವನ್ನೇ ಅನುಸರಿಸಿದ್ದ. ಆದರೆ ಆತ ಬಳಸಿದ ಪ್ಲಾಸ್ಟಿಕ್ ಬೆಳಕನ್ನು ಸಹಜ ಮಸೂರಕ್ಕಿಂತ ಹೆಚ್ಚು ಬಾಗಿಸುತ್ತದೆ. ಫಲವಾಗಿ ರೋಗಿಗೆ ಹದಿನೈದು ಡಯಾಪ್ಟರಿಗೂ (ಲೆನ್ಸ್ ಪವರಿನ ಅಳತೆ ಡಯಾಪ್ಟರ್) ಮೀರಿದ ಮೈನಸ್ ಪವರ್ ಬಂತು. ಮುಂದೆ ಜಗತ್ತನ್ನೇ ಬದಲಿಸಿದ ಶಸ್ತ್ರಚಿಕಿತ್ಸೆಯ ಮೊದಲ ಫಲಿತಾಂಶ, ದೃಷ್ಟಿಯ ಲೆಕ್ಕದಲ್ಲಿ ನೋಡಿದರೆ, ದೊಡ್ಡ ಎಡವಟ್ಟು. ಅಲ್ಲಿಂದ ಸೂತ್ರಗಳ ಹುಡುಕಾಟ ಶುರುವಾಯಿತು. 1967ರಲ್ಲಿ ಮೊದಲ ಸೂತ್ರಗಳಲ್ಲೊಂದನ್ನು ಪ್ರಕಟಿಸಿದವರು ಸೋವಿಯತ್ ವೈದ್ಯ ಸ್ವ್ಯಾತೊಸ್ಲಾವ್ ಫ್ಯೋದೊರೊವ್ ಮತ್ತು ಅವರ ಸಹೋದ್ಯೋಗಿ. ಇದೇ ಫ್ಯೋದೊರೊವ್ ಮುಂದಿನ ದಶಕದಲ್ಲಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಸೂರ್ಯಕಿರಣದಂತೆ ಸುತ್ತಲೂ ಸೀಳುಗಳನ್ನು ಹಾಕಿ ಮೈನಸ್ ಪವರ್ ಇಳಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. ಹೀಗೆ ಸೂತ್ರ ಕಟ್ಟಿದ ಮೊದಲಿಗರಲ್ಲೊಬ್ಬರೂ, ಸೂತ್ರಕ್ಕೆ ಸಿಗದ ಕಣ್ಣುಗಳನ್ನು ಸಾಲುಗಟ್ಟಿ ತಯಾರಿಸಿದವರಲ್ಲೊಬ್ಬರೂ ಒಬ್ಬರೇ ವ್ಯಕ್ತಿ.

ಸೂತ್ರದೊಳಗೆ ಏನಿದೆ ಎಂದು ನೋಡಲು ಕಠಿಣ ಗಣಿತ ಬೇಕಿಲ್ಲ. 1980ರಲ್ಲಿ ಸ್ಯಾಂಡರ್ಸ್, ರೆಟ್ಜ್‌ಲಾಫ್, ಕ್ರಾಫ್ ಎಂಬ ಮೂವರು ರೂಪಿಸಿದ ಎಸ್‌ಆರ್‌ಕೆ ಸೂತ್ರ ಒಂದೇ ಸಾಲಿನದು. ಲೆನ್ಸಿನ ಮಾದರಿಗೆ ತಕ್ಕ ಒಂದು ಸ್ಥಿರಾಂಕ ತೆಗೆದುಕೊಳ್ಳಿ. ಕಣ್ಣಿನ ಉದ್ದದ ಎರಡೂವರೆ ಪಟ್ಟನ್ನೂ ಕಾರ್ನಿಯಾದ ಪವರಿನ 0.9 ಪಟ್ಟನ್ನೂ ಅದರಿಂದ ಕಳೆಯಿರಿ. ಸ್ಥಿರಾಂಕ 118.6, ಉದ್ದ 24 ಮಿಲಿಮೀಟರ್, ಕಾರ್ನಿಯಾ 44 ಡಯಾಪ್ಟರ್ ಎಂದಾದರೆ 118.6ರಿಂದ 60 ಮತ್ತು 39.6 ಕಳೆದು ಉಳಿಯುವುದು 19. ಅಷ್ಟು ಪವರಿನ ಲೆನ್ಸ್ ಇಟ್ಟರೆ ಆಯಿತು. ಇಂದು ಈ ಸೂತ್ರವನ್ನು ಯಾರೂ ಬಳಸುವುದಿಲ್ಲ, ಆದರೆ ಲೆಕ್ಕದ ಸ್ವಭಾವವನ್ನು ಇದು ಚೆನ್ನಾಗಿ ತೋರಿಸುತ್ತದೆ. ಉದ್ದ ಅಳೆಯುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಲೆನ್ಸಿನಲ್ಲಿ ಎರಡೂವರೆ ಡಯಾಪ್ಟರ್ ತಪ್ಪು. ಕಾರ್ನಿಯಾದ ಪವರನ್ನು ಒಂದು ಡಯಾಪ್ಟರ್ ಹೆಚ್ಚು ಓದಿದರೆ ಲೆನ್ಸ್ ಹೆಚ್ಚುಕಡಿಮೆ ಅಷ್ಟೇ ದುರ್ಬಲವಾಗುತ್ತದೆ. 1999ರಲ್ಲಿ ಬೆಳಕಿನಿಂದಲೇ ಅಳೆಯುವ ಐಒಎಲ್ ಮಾಸ್ಟರ್ ಯಂತ್ರ ಬಂದ ಮೇಲೆ ಉದ್ದದ ಚಿಂತೆ ಬಹುಮಟ್ಟಿಗೆ ನೀಗಿತು. ಅಲ್ಟ್ರಾಸೌಂಡ್ ಕಡ್ಡಿಯನ್ನು ಕಣ್ಣಿಗೆ ಮುಟ್ಟಿಸುವಾಗ ಕಾರ್ನಿಯಾ ತುಸು ಒತ್ತಿಕೊಂಡು ಉದ್ದ ಕಡಿಮೆ ಕಾಣುತ್ತಿದ್ದ ತೊಂದರೆ ಇದರಲ್ಲಿಲ್ಲ. ಹಾಗಾಗಿ ಉಳಿದದ್ದು ಕಾರ್ನಿಯಾ.

ಕಾರ್ನಿಯಾದ ಪವರನ್ನು ಕೆರಟೋಮೀಟರ್ ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಮುಂಭಾಗದ ಬಾಗನ್ನು, ಅದೂ ಸುಮಾರು ಮೂರು ಮಿಲಿಮೀಟರ್ ಅಗಲದ ಬಳೆಯಂಥ ಜಾಗದಲ್ಲಿ. ಹಿಂಭಾಗ ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಎದೆಯ ಸುತ್ತಳತೆ ಮಾತ್ರ ಹಿಡಿದು ಬೆನ್ನಿನ ಅಗಲವನ್ನು ಅಂದಾಜಿಗೆ ಕತ್ತರಿಸುವ ದರ್ಜಿಯಂತೆ, ಮುಂಭಾಗ ಇಷ್ಟಿದ್ದರೆ ಹಿಂಭಾಗ ಇಷ್ಟಿರಬೇಕು ಎಂದು ಅದು ಊಹಿಸುತ್ತದೆ. ಕಾರ್ನಿಯಾದ ನಿಜವಾದ ವಕ್ರೀಭವನ ಸೂಚ್ಯಂಕ 1.376. ಯಂತ್ರ ಬಳಸುವುದು 1.3375 ಎಂಬ ಕೃತಕ ಸಂಖ್ಯೆ. ಹಿಂಭಾಗ ಕಳೆಯುವ ಸುಮಾರು ಆರು ಡಯಾಪ್ಟರನ್ನು ಈ ಸಂಖ್ಯೆಯೊಳಗೇ ಮಡಚಿಡಲಾಗಿದೆ. ಹುಟ್ಟಿದಾಗಿನಿಂದ ಯಾರೂ ಮುಟ್ಟದ ಕಣ್ಣುಗಳಲ್ಲಿ ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ಅನುಪಾತ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಊಹೆ ಫಲಿಸುತ್ತದೆ.

ಈ ಅನುಪಾತವನ್ನು ಮುರಿದದ್ದು 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್. ಮದರಾಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡಿನ ಮೇಲೆ ಇದನ್ನು ಹಾಯಿಸಿ, ಸುತ್ತಲಿನ ಅಂಗಾಂಶ ಸುಡದಂತೆ ಕೆತ್ತಬಹುದೆಂದು ಕಂಡುಕೊಂಡರು. 1983ರಲ್ಲಿ ಅವರೂ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಅವರೂ ಸೇರಿ ಕಾರ್ನಿಯಾದ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. 1990ರ ಸುಮಾರಿಗೆ ಗ್ರೀಸಿನ ಪಲ್ಲಿಕಾರಿಸ್ ತೆಳು ಪದರವನ್ನು ಎತ್ತಿ ಅದರಡಿ ಕೆತ್ತುವ ಲ್ಯಾಸಿಕ್ ರೂಪಿಸಿದರು. ಲೇಸರಿನ ಒಂದೊಂದು ಮಿಡಿತ ತೆಗೆಯುವುದು ಮೈಕ್ರಾನಿನ ಕಾಲುಭಾಗದಷ್ಟು. ಆರು ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರ್ ಇಳಿಸಲು ನಡುವೆ ಸುಮಾರು ಹನ್ನೆರಡು ಮೈಕ್ರಾನ್ ಕೆತ್ತಬೇಕು. ಮೈನಸ್ ಆರರ ಕಣ್ಣಿಗೆ ಎಪ್ಪತ್ತರ ಆಸುಪಾಸು, ಅಂದರೆ ಒಟ್ಟು ದಪ್ಪದ ಏಳೆಂಟರಲ್ಲೊಂದು ಪಾಲು. ಕೆತ್ತುವುದೆಲ್ಲ ಮುಂಭಾಗದಲ್ಲಿ. ಹಿಂಭಾಗ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ದರ್ಜಿಗೆ ಗೊತ್ತಿಲ್ಲದಂತೆ ಎದೆ ಇಳಿದಿದೆ, ಬೆನ್ನು ಇಳಿದಿಲ್ಲ.

ಒಂದು ಕಣ್ಣನ್ನು ಹತ್ತಿರದಿಂದ ನೋಡೋಣ. ಮೊದಲು 44 ಡಯಾಪ್ಟರ್ ಇದ್ದ ಕಾರ್ನಿಯಾದಿಂದ ಲೇಸರ್ 5.6 ಡಯಾಪ್ಟರ್ ಇಳಿಸಿದೆ ಎಂದುಕೊಳ್ಳಿ. ಕನ್ನಡಕದ ಮೈನಸ್ ಆರು ಕಾರ್ನಿಯಾದ ಮಟ್ಟದಲ್ಲಿ ಸುಮಾರು ಅಷ್ಟೇ ಆಗುತ್ತದೆ. ಲೆಕ್ಕಕ್ಕೆ ಬೇಕಾದ ಅಂಕಿ 38.4. ಮುಂಭಾಗದ ಹೊಸ ಬಾಗನ್ನು ಅಳೆದು ಹಳೆಯ ಸೂಚ್ಯಂಕದಿಂದ ಗುಣಿಸಿದ ಯಂತ್ರ 39 ಎಂದು ಮುದ್ರಿಸುತ್ತದೆ. ಸೂಚ್ಯಂಕದ ಒಂದೇ ದೋಷದಿಂದ ಅರ್ಧ ಡಯಾಪ್ಟರಿಗೂ ತುಸು ಹೆಚ್ಚು ಹೋಯಿತು. ಅತಿ ಸಪಾಟಾದ ನಡುಭಾಗವನ್ನು ಬಿಟ್ಟು ಅದರ ಸುತ್ತಲಿನ ಬಳೆಯನ್ನು ಅಳೆಯುವುದರಿಂದ ಇನ್ನಷ್ಟು ಸೇರಿಕೊಳ್ಳಬಹುದು. ಇದಕ್ಕಿಂತ ಕಪಟಿಯಾದ ಎರಡನೆಯ ತಪ್ಪು ಬೇರೊಂದು ಕಡೆ ಕಾದಿರುತ್ತದೆ. ಕೃತಕ ಲೆನ್ಸ್ ಗಾಯ ಮಾಗಿದ ಮೇಲೆ ಕಣ್ಣಿನೊಳಗೆ ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ಅಳೆಯಲು ಬರುವುದಿಲ್ಲ. ಎಸ್‌ಆರ್‌ಕೆ-ಟಿ ಮೊದಲಾದ ಸೂತ್ರಗಳು ಅದನ್ನು ಕಾರ್ನಿಯಾದ ಬಾಗಿನಿಂದಲೇ ಊಹಿಸುತ್ತವೆ: ಸಪಾಟು ಕಾರ್ನಿಯಾ ಇದ್ದರೆ ಕಣ್ಣಿನ ಮುಂಕೋಣೆ ಆಳವಿಲ್ಲ, ಲೆನ್ಸ್ ಮುಂದಕ್ಕೇ ನಿಲ್ಲುತ್ತದೆ, ಆದ್ದರಿಂದ ಕಡಿಮೆ ಪವರ್ ಸಾಕು. ಲೇಸರ್ ಮೇಲ್ಮೈಯನ್ನು ಸವರಿದೆಯೇ ಹೊರತು ಕಣ್ಣಿನ ಒಳಕೋಣೆಯನ್ನು ಕುಗ್ಗಿಸಿಲ್ಲ ಎಂಬುದು ಸೂತ್ರಕ್ಕೆ ತಿಳಿಯದು. ಲೆನ್ಸ್ ತನ್ನ ಹಳೆಯ ಆಳದಲ್ಲೇ ನಿಲ್ಲುತ್ತದೆ. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದುರದೃಷ್ಟಕ್ಕೆ ಎರಡೂ ಲೆನ್ಸನ್ನು ದುರ್ಬಲಗೊಳಿಸುತ್ತವೆ, ಪ್ಲಸ್ ಪವರ್ ಉಳಿಯುತ್ತದೆ. ದೂರ, ಹತ್ತಿರ ಎರಡೂ ಮಸುಕಾಗುವ ಸ್ಥಿತಿ ಇದೇ. ಪ್ಲಸ್ ಪವರಿಗೆ ಲೇಸರ್ ಮಾಡಿಸಿಕೊಂಡವರಲ್ಲಿ ಎಲ್ಲ ತಿರುವುಮುರುವು, ಅವರಿಗೆ ಮೈನಸ್ ಉಳಿಯುತ್ತದೆ.

ಯಂತ್ರದ ನಂಬಿಕೆಯೇ ದೋಷದ ಮೂಲ ಎನ್ನುವುದಕ್ಕೆ ಪೊರೆಗೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿಯಿದೆ. ಕಣ್ಣಿನ ಒತ್ತಡ ಅಳೆಯುವ ಗೋಲ್ಡ್‌ಮನ್ ಉಪಕರಣ ಕಾರ್ನಿಯಾ ಸುಮಾರು 520 ಮೈಕ್ರಾನ್ ದಪ್ಪವಿದೆ ಎಂದು ಎಣಿಸಿ ರೂಪುಗೊಂಡದ್ದು. ಲೇಸರಿನಿಂದ ತೆಳುವಾದ ಕಾರ್ನಿಯಾದ ಮೇಲೆ ಅದು ಒತ್ತಡವನ್ನು ಕಡಿಮೆ ತೋರಿಸುತ್ತದೆ. ಗ್ಲಾಕೋಮಾ ಇರುವವರು ಇದರಿಂದ ಪತ್ತೆಯಾಗದೆ ಉಳಿಯಬಹುದು. ಬೇರೆ ಉಪಕರಣ, ಬೇರೆ ಕೆಲಸ, ಆದರೆ ಕಾರಣ ಅದೇ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಲ್ಯಾಸಿಕ್ ಮಾಡಿಸಿಕೊಂಡವರಲ್ಲಿ ಬಹುಪಾಲು ಮಂದಿ ಮೊದಲೇ ಹೆಚ್ಚು ಮೈನಸ್ ಇದ್ದವರು, ಉದ್ದ ಕಣ್ಣಿನವರು. ಉದ್ದ ಕಣ್ಣುಗಳಲ್ಲಿ ಲೇಸರ್ ಇಲ್ಲದಿದ್ದರೂ ಹಳೆಯ ಸೂತ್ರಗಳು ಪ್ಲಸ್ ಕಡೆಗೇ ಜಾರುತ್ತವೆ. ಹಾಗಾದರೆ ಎಲ್ಲ ತಪ್ಪನ್ನೂ ಲೇಸರಿನ ಕಾರ್ನಿಯಾದ ಮೇಲೆ ಹೊರಿಸುವುದು ಸರಿಯೇ? ಸರಿಯಲ್ಲ. ಒಂದಷ್ಟು ಪಾಲು ಖಂಡಿತ ಉದ್ದದ್ದು. ಇಂಥ ಕಣ್ಣುಗಳಿಗೆ ಪೊರೆ ಬೇಗ ಬರುವುದೂ, ರೆಟಿನಾ ಕಳಚುವ ಅಪಾಯ ಹೆಚ್ಚಿರುವುದೂ ಉದ್ದದಿಂದಲೇ, ಲೇಸರಿನಿಂದಲ್ಲ. ಆದರೆ ಪ್ಲಸ್ ಲೇಸರ್ ಆದ ಗಿಡ್ಡ ಕಣ್ಣುಗಳಲ್ಲಿ ತಪ್ಪು ವಿರುದ್ಧ ದಿಕ್ಕಿಗೆ ಹೋಗುವುದನ್ನು ಕಣ್ಣಿನ ಉದ್ದದ ವಾದ ಇಷ್ಟು ಸರಳವಾಗಿ ವಿವರಿಸಲಾರದು. ಕಾರ್ನಿಯಾದ ವಾದ ಯಾವ ಕಸರತ್ತೂ ಇಲ್ಲದೆ ವಿವರಿಸುತ್ತದೆ.

ಹಾಗಾದರೆ ಹಳೆಯ ದಾಖಲೆ ಇಟ್ಟುಕೊಂಡಿದ್ದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ. ಲೇಸರಿಗೆ ಮುಂಚಿನ ಕಾರ್ನಿಯಾದ ಅಂಕಿಯಿಂದ ಲೇಸರ್ ಇಳಿಸಿದಷ್ಟನ್ನು ಕಳೆದರೆ ಇಂದಿನ ಪವರ್ ಸಿಗಬೇಕು. ಬಹಳ ಕಾಲ ಇದನ್ನೇ ಅತ್ಯುತ್ತಮ ವಿಧಾನವೆಂದು ವೈದ್ಯರೂ ನಂಬಿದ್ದರು. ಪರೀಕ್ಷೆಗೆ ಒಡ್ಡಿದಾಗ ಹಾಗೆ ಆಗಲಿಲ್ಲ. 2010ರಲ್ಲಿ ಲೀ ವಾಂಗ್, ವಾರನ್ ಹಿಲ್, ಡಗ್ಲಾಸ್ ಕಾಕ್ ವಿವಿಧ ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಹಳೆಯ ಕೆರಟೋಮೀಟರ್ ಅಂಕಿಯನ್ನು ಪೂರ್ತಿ ನೆಚ್ಚಿಕೊಂಡ ವಿಧಾನಗಳಿಗಿಂತ, ಇಂದಿನ ಅಳತೆಯನ್ನೇ ಆಧರಿಸಿ ಹಳೆಯದನ್ನು ಅಲ್ಪಸ್ವಲ್ಪ ಬಳಸಿದ ಅಥವಾ ಬಳಸದೇ ಇದ್ದ ವಿಧಾನಗಳೇ ಮೇಲುಗೈ ಸಾಧಿಸಿದವು. ಕಾರಣ ಸರಳ. ಹಳೆಯ ಚೀಟಿಯಲ್ಲಿ ಅರ್ಧ ಡಯಾಪ್ಟರ್ ತಪ್ಪಿದ್ದರೆ ಅದು ಕಡಿಮೆಯಾಗದೆ ನೇರವಾಗಿ ಹೊಸ ಲೆನ್ಸಿಗೆ ಬಂದು ಕೂರುತ್ತದೆ. ಲೇಸರ್ ಆದ ಮೇಲಿನ ಪವರನ್ನು ಪೊರೆ ಶುರುವಾದ ನಂತರ ಅಳೆದಿದ್ದರಂತೂ, ಪೊರೆಯೇ ತಂದ ಮೈನಸ್ ಅದರಲ್ಲಿ ಬೆರೆತಿರುತ್ತದೆ. ಕಡತ ಜೋಪಾನವಾಗಿರಲಿ, ಅದು ಒಳ್ಳೆಯ ಸಾಕ್ಷಿ. ತೀರ್ಪನ್ನು ಅದರ ಕೈಗೆ ಕೊಡಬಾರದು ಅಷ್ಟೇ. ಕಡತಕ್ಕಿಂತ ಮುಖ್ಯವಾದದ್ದು ಲೇಸರ್ ಆಗಿತ್ತೆಂದು ವೈದ್ಯರಿಗೆ ಹೇಳುವುದು. ಅದನ್ನೊಂದು ಆಪರೇಷನ್ ಎಂದೇ ಲೆಕ್ಕಕ್ಕಿಡದೆ ಮರೆತವರುಂಟು. ಲ್ಯಾಸಿಕ್‌ನಲ್ಲಿ ಎತ್ತಿದ ಪದರದ ಅಂಚು ಮಾಸಿಹೋಗಿರುವಾಗ ಅದು ಕಣ್ತಪ್ಪಿ ಹೋಗುವುದೂ ಉಂಟು. ಹಾಳೆಯಲ್ಲಿ ಕಾರ್ನಿಯಾ 40ಕ್ಕಿಂತ ಕೆಳಗಿದ್ದರೆ ಅನುಭವಿ ವೈದ್ಯರು ಕೇಳಿಯೇ ಕೇಳುತ್ತಾರೆ.

ಎರಡು ತಪ್ಪುಗಳಿಗೂ ಮದ್ದು ಬಂದದ್ದು ನಂಬಿಕೆಯನ್ನು ಒಂದೊಂದಾಗಿ ಬಿಡಿಸುವ ಮೂಲಕ. ಲೆನ್ಸಿನ ಆಳ ಊಹಿಸಲು ಲೇಸರಿಗೆ ಮುಂಚಿನ ಬಾಗನ್ನೂ, ಪವರಿನ ಲೆಕ್ಕಕ್ಕೆ ಇಂದಿನ ಬಾಗನ್ನೂ ಬಳಸುವ ಜೋಡಿ ಅಂಕಿಯ ವಿಧಾನವನ್ನು ಸ್ಪೇನಿನ ಅರಾಂಬೆರಿ 2003ರಲ್ಲಿ ಮುಂದಿಟ್ಟರು. ಹಳೆಯ ದಾಖಲೆಯೇ ಬೇಡದ ಹೈಗಿಸ್-ಎಲ್, ಬ್ಯಾರೆಟ್ ಟ್ರೂ-ಕೆ ಬಂದವು. ಕಾರ್ನಿಯಾದ ಹಿಂಭಾಗವನ್ನೂ ಕಣ್ಣಾರೆ ಅಳೆಯುವ ಯಂತ್ರಗಳು ಬಂದವು. ಹಳೆಯ ಮಸೂರ ತೆಗೆದ ಕೂಡಲೇ ಥಿಯೇಟರಿನಲ್ಲೇ ಕಣ್ಣಿನ ಪವರ್ ಅಳೆಯುವ ಉಪಕರಣವೂ ಬಂತು. 2014ರಲ್ಲಿ ಪ್ರಕಟವಾದ, ಮೈನಸ್ ಲೇಸರ್ ಆಗಿದ್ದ 246 ಕಣ್ಣುಗಳ ಅಧ್ಯಯನದಲ್ಲಿ ವೈದ್ಯರ ಮುಂಚಿನ ಆಯ್ಕೆ ನೂರಕ್ಕೆ 46 ಕಣ್ಣುಗಳಲ್ಲಿ ಗುರಿಯಿಂದ ಅರ್ಧ ಡಯಾಪ್ಟರಿನೊಳಗೆ ಬೀಳುತ್ತಿತ್ತು. ಥಿಯೇಟರಿನ ಅಳತೆ ಅದನ್ನು 67ಕ್ಕೆ ಏರಿಸಿತು. ಇಂದಿನ ಒಳ್ಳೆಯ ಸೂತ್ರಗಳೂ ಹೆಚ್ಚುಕಡಿಮೆ ಅಲ್ಲೇ, ಮೂರರಲ್ಲಿ ಎರಡು ಕಣ್ಣುಗಳ ಆಸುಪಾಸಿನಲ್ಲಿ ನಿಲ್ಲುತ್ತವೆ. ಲೇಸರ್ ಕಾಣದ ಕಣ್ಣುಗಳಲ್ಲಿ ಉತ್ತಮ ಸೂತ್ರಗಳು ಐದರಲ್ಲಿ ನಾಲ್ಕನ್ನು ಆ ಗುರಿಯೊಳಗೆ ತರುತ್ತವೆ. ಅಂತರ ಕಿರಿದಾಗಿದೆ, ಮುಚ್ಚಿಲ್ಲ. ಆದರೂ ಈ ಅಂಕಿಗಳನ್ನು ಕಂಡು ಹೌಹಾರಬೇಕಿಲ್ಲ. 2009ರಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯ ಪೊರೆ ರೋಗಿಗಳಿಗೆಂದು ಸೂಚಿಸಿದ್ದ ಮಾನದಂಡವೇ ನೂರಕ್ಕೆ 55 ಕಣ್ಣು ಅರ್ಧ ಡಯಾಪ್ಟರಿನೊಳಗೆ, 85 ಕಣ್ಣು ಒಂದು ಡಯಾಪ್ಟರಿನೊಳಗೆ ಎಂದಿತ್ತು. ಅಂದು ಎಲ್ಲರಿಗೂ ಸಾಕೆನಿಸಿದ್ದ ಗುರಿಯನ್ನು ಇಂದು ಲೇಸರ್ ಕಣ್ಣುಗಳು ದಾಟಿವೆ.

ಅರ್ಧ ಡಯಾಪ್ಟರಿಗಾಗಿ ಇಷ್ಟು ರಗಳೆ ಯಾಕೆ, ಒಂದು ಕನ್ನಡಕ ಹಾಕಿಕೊಂಡರಾಯಿತಲ್ಲ ಎಂಬ ಮಾತಿಗೂ ತೂಕವಿದೆ. ಕರ್ನಾಟಕದಲ್ಲಿ ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ಪ್ಲಸ್ ಹತ್ತರ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು, ಮತ್ತೆ ಹೊಲಗದ್ದೆ ಕಾಣಿಸಿತೆಂದು ಕೈಮುಗಿದು ಹೋಗುತ್ತಿದ್ದರು. ಅವರ ಎದುರು ಅರ್ಧ ಡಯಾಪ್ಟರಿನ ದೂರು ಶೋಕಿಯಂತೆ ಕಾಣಬಹುದು. ಆದರೆ ಫಲಿತಾಂಶವನ್ನು ರೋಗಿ ಬಂದ ಉದ್ದೇಶಕ್ಕೆ ಹೋಲಿಸಿಯೇ ಅಳೆಯಬೇಕು. ಲೇಸರ್ ಮಾಡಿಸಿಕೊಂಡವರು ಕನ್ನಡಕದಿಂದ ಪಾರಾಗಲೆಂದೇ ಹಣ, ಧೈರ್ಯ ಎರಡನ್ನೂ ತೆತ್ತವರು. ನಿರೀಕ್ಷೆ ಅತಿ ಹೆಚ್ಚಿರುವವರಲ್ಲೇ ಲೆಕ್ಕ ಅತಿ ಕಡಿಮೆ ನಂಬಿಕಸ್ಥವಾಗಿರುವುದು ಇಲ್ಲಿನ ನಿಜವಾದ ಇಕ್ಕಟ್ಟು. ಶಸ್ತ್ರಚಿಕಿತ್ಸೆಗೆ ಮುಂಚೆ ಈ ಅಂಕಿಗಳನ್ನು ಬಾಯಿಬಿಟ್ಟು ಹೇಳಿದರೆ ಅದರ ಅರ್ಧದಷ್ಟಾದರೂ ಬಿಡಿಸಿಕೊಳ್ಳುತ್ತದೆ. ಉಳಿದದ್ದಕ್ಕೆ ಉಪಾಯಗಳಿವೆ. ಗುರಿಯನ್ನೇ ಅರ್ಧ ಡಯಾಪ್ಟರಿನಷ್ಟು ಮೈನಸ್ ಕಡೆಗೆ ಇಟ್ಟುಕೊಂಡರೆ ತಪ್ಪಿದರೂ ಹತ್ತಿರದ ನೋಟವಾದರೂ ಉಳಿಯುತ್ತದೆ. ಮೊದಲ ಕಣ್ಣಿನ ಫಲಿತಾಂಶ ನಿಂತ ಮೇಲೆ ಎರಡನೆಯದಕ್ಕೆ ಕೈಹಾಕಿದರೆ ಅದರಿಂದ ಕಲಿತದ್ದು ಇದಕ್ಕೆ ಬರುತ್ತದೆ. ಒಣಕಣ್ಣಿಗೆ ಮೊದಲು ಚಿಕಿತ್ಸೆ ಮಾಡಿ ಆಮೇಲೆ ಅಳೆಯುವುದೂ ಮುಖ್ಯ, ಏಕೆಂದರೆ ಕಣ್ಣೀರಿನ ಪದರ ಕದಡಿದ ಕಣ್ಣಿನಲ್ಲಿ ಕೆರಟೋಮೀಟರ್ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತದೆ.

ನಾನು ಖಡಾಖಂಡಿತವಾಗಿ ಹೇಳಬಯಸುವುದು ಮಲ್ಟಿಫೋಕಲ್ ಲೆನ್ಸ್‌ಗಳ ಬಗ್ಗೆ. ದೂರ, ಹತ್ತಿರ ಎರಡನ್ನೂ ಕೊಡುವ ಈ ದುಬಾರಿ ಲೆನ್ಸ್‌ಗಳನ್ನು ಕನ್ನಡಕ ಒಲ್ಲದವರಿಗೆ ತೋರಿಸುವುದು ಸಹಜ, ಲೇಸರ್ ಮಾಡಿಸಿಕೊಂಡವರು ಅದಕ್ಕೆ ಮನಸೋಲುವುದೂ ಸಹಜ. ಆದರೆ ಈ ಲೆನ್ಸ್ ಬೆಳಕನ್ನು ಹಂಚುತ್ತದೆ, ಹಂಚಿದಷ್ಟೂ ಕಾಂಟ್ರಾಸ್ಟ್ ಇಳಿಯುತ್ತದೆ. ಮೈನಸ್ ಲೇಸರ್ ಆದ ಕಾರ್ನಿಯಾ ಈಗಾಗಲೇ ಅಂಚಿನ ಕಿರಣಗಳನ್ನು ಬೇರೆ ಕಡೆ ಕೂಡಿಸುವ ಗೋಳೀಯ ದೋಷ ಹೊತ್ತಿರುತ್ತದೆ. ಮೊದಮೊದಲ ವರ್ಷಗಳ ಕಿರಿದಾದ, ಕೆಲವೊಮ್ಮೆ ನಡು ತಪ್ಪಿದ ಕೆತ್ತನೆಗಳಲ್ಲಿ ಅದು ಇನ್ನೂ ಹೆಚ್ಚು. ರಾತ್ರಿ ಎದುರಿನಿಂದ ಬರುವ ವಾಹನದ ದೀಪದ ಸುತ್ತ ಬಳೆ ಕಾಣುವವರಿಗೆ ಇನ್ನೊಂದು ಬಳೆ ಸೇರಿಸಿದಂತೆ. ಕೆತ್ತನೆ ನಯವಾಗಿ, ನಡುಮಧ್ಯದಲ್ಲಿ ಇರುವ ಕೆಲವರಿಗೆ ಇದು ಒಗ್ಗಿದ್ದುಂಟು. ಕಾರ್ನಿಯಾದ ಮೇಲ್ಮೈ ನಕ್ಷೆಯಾದ ಟೊಪೋಗ್ರಫಿ ನೋಡದೆ ಎಲ್ಲರಿಗೂ ನೀಡುವುದು ಮಾತ್ರ ವ್ಯಾಪಾರ. ಆ ದೋಷಕ್ಕೆ ಎದುರಾದ ದೋಷವನ್ನು ತನ್ನಲ್ಲಿಟ್ಟುಕೊಂಡ ಸಾದಾ ಏಸ್ಫೆರಿಕ್ ಲೆನ್ಸ್ ಇಂಥವರಿಗೆ ಹೆಚ್ಚು ಹೊಂದುತ್ತದೆ. ಪ್ಲಸ್ ಲೇಸರ್ ಆದವರಿಗೆ ಅದೇ ಲೆನ್ಸ್ ಹೊಂದುವುದಿಲ್ಲ, ಅವರ ದೋಷದ ದಿಕ್ಕೇ ಬೇರೆ.

ಫ್ಯೋದೊರೊವ್ ಸೀಳಿನ ಕಣ್ಣುಗಳು ಇವೆಲ್ಲಕ್ಕಿಂತ ಹಟಮಾರಿ. ಅಮೆರಿಕದ ಪಿಇಆರ್‌ಕೆ ಅಧ್ಯಯನದಲ್ಲಿ ಹತ್ತು ವರ್ಷಗಳ ಹೊತ್ತಿಗೆ ನೂರಕ್ಕೆ 43 ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಹೆಚ್ಚು ಪ್ಲಸ್ ಕಡೆಗೆ ಸರಿದಿದ್ದವು. ಪೊರೆ ತೆಗೆದ ಮೇಲೆ ಸೀಳುಗಳು ಊದಿಕೊಂಡು ವಾರಗಟ್ಟಲೆ ಪವರ್ ಏರಿಳಿಯುತ್ತದೆ. ಅವಸರದಿಂದ ಲೆನ್ಸ್ ಬದಲಿಸಿದವರು ಊತ ಇಳಿದ ಮೇಲೆ ಪೇಚಿಗೆ ಸಿಲುಕುತ್ತಾರೆ.

ಇಷ್ಟೆಲ್ಲ ತೊಡಕಿದ್ದರೆ ಲ್ಯಾಸಿಕ್ ಮಾಡಿಸಿಕೊಳ್ಳುವುದೇ ಬೇಡ ಎನ್ನುವವರಿಗೆ ನನ್ನ ಉತ್ತರ ಬೇರೆ. ಮೂವತ್ತು ವರ್ಷ ಕನ್ನಡಕವಿಲ್ಲದೆ ಬದುಕಿದ್ದಕ್ಕೆ ತೆರುವ ಬೆಲೆ, ಮೂರರಲ್ಲಿ ಒಬ್ಬರಿಗೆ ಆಮೇಲೆ ತೆಳುವಾದ ಕನ್ನಡಕ ಬೇಕಾಗಬಹುದು ಎಂಬುದಾದರೆ, ಅದು ಅನೇಕರು ಕಣ್ತೆರೆದೇ ಒಪ್ಪುವ ವ್ಯವಹಾರ. ಅನ್ಯಾಯವಿರುವುದು ಆ ಬೆಲೆಯನ್ನು ಮುಚ್ಚಿಡುವುದರಲ್ಲಿ. ಹಾಗೆ ನೋಡಿದರೆ ಇನ್ನೂ ಬಗೆಹರಿಯದೆ ಉಳಿದಿರುವ ದೊಡ್ಡ ಪ್ರಶ್ನೆ ಕಾರ್ನಿಯಾದ್ದಲ್ಲ. ಹಿಂಭಾಗವನ್ನೂ ಅಳೆಯಲು ಬಂದ ಮೇಲೆ ಊಹೆಗೆ ಬಿಟ್ಟಿರುವುದು ಲೆನ್ಸ್ ಎಲ್ಲಿ ನಿಲ್ಲುತ್ತದೆ ಎಂಬುದು, ಮತ್ತು ಅದು ಲೇಸರ್ ಕಾಣದವರಿಗೂ ಇರುವ ಅನಿಶ್ಚಯ. ಚೀಲ ಕುಗ್ಗಿ ಲೆನ್ಸನ್ನು ಹಿಡಿಯುವ ಬಗೆ ಒಬ್ಬೊಬ್ಬರಲ್ಲಿ ಒಂದೊಂದು. ಹೀಗಾಗಿ ಊಹೆಯನ್ನು ಇನ್ನಷ್ಟು ಹರಿತಗೊಳಿಸುವ ಬದಲು ಲೆನ್ಸ್ ನಿಂತ ಮೇಲೆಯೇ ಪವರ್ ತಿದ್ದುವ ದಾರಿಯನ್ನು ನೊಬೆಲ್ ಪುರಸ್ಕೃತ ರಸಾಯನ ವಿಜ್ಞಾನಿ ರಾಬರ್ಟ್ ಗ್ರಬ್ಸ್ ಮತ್ತು ನೇತ್ರತಜ್ಞ ಡೇನಿಯಲ್ ಶ್ವಾರ್ಟ್ಜ್ ಹುಡುಕಿದರು. ಅವರ ಲೆನ್ಸಿನೊಳಗಿನ ಬಿಡಿ ಅಣುಗಳು ನೇರಳಾತೀತ ಬೆಳಕು ಬಿದ್ದಲ್ಲಿ ಬೆಸೆದುಕೊಂಡು, ಉಳಿದವು ಅತ್ತ ಸರಿದು ಲೆನ್ಸಿನ ಬಾಗನ್ನೇ ಬದಲಿಸುತ್ತವೆ. 2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಬೆಲೆ ಹೆಚ್ಚು, ಪಾಪೆ ಚೆನ್ನಾಗಿ ಹಿಗ್ಗಬೇಕು, ಕೊನೆಯ ಸಲ ಬೆಳಕು ಹಾಯಿಸಿ ಅಣುಗಳನ್ನೆಲ್ಲ ಗಟ್ಟಿಮಾಡುವವರೆಗೆ ಬಿಸಿಲು ತಡೆಯುವ ವಿಶೇಷ ಕನ್ನಡಕವನ್ನು ಎಚ್ಚರವಿರುವಷ್ಟು ಹೊತ್ತೂ ಹಾಕಿಕೊಂಡೇ ಇರಬೇಕು. ಕನ್ನಡಕ ಬೇಡವೆಂದೇ ಬಂದವರಿಗೆ ಕೆಲವು ವಾರಗಳ ಮಟ್ಟಿಗೆ ಅದೂ ಒಂದು ಶಿಕ್ಷೆಯೇ.